ನ್ಯುಮೋಕಾಕಸ್ ಮೈಮೇಲಿನ ಗುರುತು

ಜ್ವರ ಇಳಿಯದಿದ್ದರೆ ಡಾಕ್ಟರು ರಕ್ತ ಪರೀಕ್ಷೆ ಬರೆದುಕೊಡುತ್ತಾರೆ, ಅಲ್ವಾ? ಆ ರಿಪೋರ್ಟಿನಲ್ಲಿ ಎಷ್ಟೋ ಸಲ ‘ಸಿಆರ್‌ಪಿ’ ಎಂದು ಬರೆದಿರುತ್ತದೆ. ಅದು ನಮ್ಮ ಲಿವರ್ ತಯಾರಿಸುವ ಒಂದು ಪ್ರೋಟೀನು. ಸೋಂಕು ಜೋರಾದರೆ ಒಂದೆರಡು ದಿನದಲ್ಲೇ ರಕ್ತದಲ್ಲಿ ಅದರ ಪ್ರಮಾಣ ಸಾವಿರ ಪಟ್ಟು ಏರಬಲ್ಲದು!

ಇದು ಮೊದಲು ಕಣ್ಣಿಗೆ ಬಿದ್ದದ್ದು 1930ರಲ್ಲಿ, ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾದ ಹೆಸರು ನ್ಯುಮೋಕಾಕಸ್. ಅದರ ಮೈಯಿಂದ ತೆಗೆದ ‘ಸಿ’ ಎಂಬ ವಸ್ತುವನ್ನು ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ರೋಗಿಗಳ ಸೀರಮ್ಮಿಗೆ, ಅಂದರೆ ರಕ್ತದ ತಿಳಿಗೆ, ಬೆರೆಸಿದರು. ತಿಳಿ ಕದಡಿ, ತಳದಲ್ಲಿ ಗಷ್ಟು ಕೂತಿತು. ಅದೇ ರೋಗಿ ಗುಣವಾದ ಮೇಲೆ ಬೆರೆಸಿದರೆ ಏನೂ ಆಗಲಿಲ್ಲ. ಕಾಯಿಲೆಯ ಜೊತೆಗೇ ಬಂದು, ಕಾಯಿಲೆಯ ಜೊತೆಗೇ ಹೋಗುವ ಏನೋ ಒಂದು ರಕ್ತದಲ್ಲಿತ್ತು. ಅದೇ ಸಿಆರ್‌ಪಿ.

ಅದು ಬ್ಯಾಕ್ಟೀರಿಯಾದಲ್ಲಿ ಹಿಡಿಯುವುದು ಏನನ್ನು? ಉತ್ತರ ಸಿಗಲು ಸುಮಾರು 40 ವರ್ಷ ಬೇಕಾಯಿತು: ಫಾಸ್ಫೊರಿಲ್‌ಕೋಲೀನ್ ಎಂಬ ಪುಟ್ಟ ಅಣುವನ್ನು. ಸಿಆರ್‌ಪಿಯದು ನಂದಿಬಟ್ಟಲು ಹೂವಿನ ಹಾಗೆ ಐದು ಎಸಳು. ಒಂದೊಂದು ಎಸಳಿನಲ್ಲೂ ಈ ಅಣು ಕೂರುವಷ್ಟು ಜಾಗ. ಕೂರಿಸಲು ಕ್ಯಾಲ್ಸಿಯಂ ಬೇಕು. ಒಮ್ಮೆ ಅಂಟಿಕೊಂಡಿತೋ, ರಕ್ತದ ಬೇರೆ ಪ್ರೋಟೀನುಗಳೂ ಬಂದು ಸೇರುತ್ತವೆ. ಆಗ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾವನ್ನು ಸುಲಭವಾಗಿ ನುಂಗುತ್ತವೆ.

ನನಗೆ ತುಂಬ ಇಷ್ಟವಾಗುವ ಸಂಗತಿ ಇನ್ನೊಂದಿದೆ. ಫಾಸ್ಫೊರಿಲ್‌ಕೋಲೀನ್ ನಮ್ಮ ಜೀವಕೋಶಗಳ ಪೊರೆಯಲ್ಲೂ ಇದೆ. ನ್ಯುಮೋಕಾಕಸ್‌ಗೆ ಕೋಲೀನನ್ನು ತಾನೇ ಮಾಡಿಕೊಳ್ಳಲು ಬರುವುದಿಲ್ಲ. ನಮ್ಮ ದೇಹದಿಂದಲೇ ತೆಗೆದುಕೊಳ್ಳುತ್ತದೆ! ಹಾಗಾದರೆ ಸಿಆರ್‌ಪಿ ನಮ್ಮನ್ನೇ ಯಾಕೆ ಹಿಡಿಯುವುದಿಲ್ಲ? ಆರೋಗ್ಯವಂತ ಕೋಶದ ಪೊರೆಯಲ್ಲಿ ಆ ಅಣುಗಳು ಒತ್ತೊತ್ತಾಗಿ ಇರುತ್ತವೆ, ಹಿಡಿತಕ್ಕೆ ಸಿಗುವುದಿಲ್ಲ. ಕೋಶ ಹಾಳಾದರೆ ಮಾತ್ರ ಸಿಗುತ್ತವೆ.

ಹೀಮೊಫಿಲಸ್ ಇನ್‌ಫ್ಲುಯೆನ್ಜೆ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಮೈಮೇಲೂ ಫಾಸ್ಫೊರಿಲ್‌ಕೋಲೀನ್ ಒಂದು ಗುರುತಿನಂತೆ ಇರಬಲ್ಲದು. ಮೂಗು ಗಂಟಲಲ್ಲಿ ನೆಲೆಯೂರಲು ಅದಕ್ಕೆ ಈ ಗುರುತು ಅನುಕೂಲ. ರಕ್ತಕ್ಕೆ ಇಳಿದರೆ ಅದೇ ಗುರುತು ಅಪಾಯ. ಗುರುತು ಹಚ್ಚುವ ಅದರ ಜೀನ್‌ನಲ್ಲಿ ಸಿ, ಎ, ಎ, ಟಿ ಎಂಬ ನಾಲ್ಕು ಅಕ್ಷರಗಳು ಸಾಲಾಗಿ ಮತ್ತೆ ಮತ್ತೆ ಬರುತ್ತವೆ. ನಕಲಾಗುವಾಗ ಒಂದು ಸಲ ಹೆಚ್ಚೋ ಕಡಿಮೆಯೋ ಬಂದರೆ ಸಾಕು, ಜೀನ್ ಕೆಲಸ ನಿಲ್ಲಿಸಬಹುದು. ಹೀಗೆ ಕೆಲವು ಮರಿಗಳಿಗೆ ಗುರುತಿರುತ್ತದೆ, ಕೆಲವಕ್ಕೆ ಇರುವುದಿಲ್ಲ. ರಕ್ತದಲ್ಲಿ ಗುರುತಿಲ್ಲದವು ಹೆಚ್ಚಾಗಿ ಉಳಿಯುತ್ತವೆ.

ಈ ಅಣುವನ್ನೇ ಹಿಡಿಯುವ ಆಂಟಿಬಾಡಿ ಕೊಟ್ಟ ಇಲಿಗಳು, ರಕ್ತಕ್ಕೆ ನ್ಯುಮೋಕಾಕಸ್ ಹೊಕ್ಕರೂ ಬದುಕುಳಿದದ್ದನ್ನು 1980ರ ದಶಕದಲ್ಲಿ ವಿಜ್ಞಾನಿಗಳು ಕಂಡರು. ಹಾಗಾಗಿ ಫಾಸ್ಫೊರಿಲ್‌ಕೋಲೀನ್ ಬಳಸಿ ಲಸಿಕೆ ಮಾಡುವ ಪ್ರಯತ್ನಗಳೂ ನಡೆದಿವೆ. ನಮ್ಮದೇ ಮೈಯಲ್ಲಿರುವ ಅಣುವಿಗೆ ಲಸಿಕೆ ಎಂದರೆ, ಅದು ನಮ್ಮ ಕೋಶಗಳಿಗೆ ತೊಂದರೆ ಮಾಡದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ.