ಪ್ಯಾಲೆಸ್ಟೈನಿನ ನೆಲ, ನಮ್ಮ ಕೂಲಿ
(ಶೃಂಗೇರಿಯ ಸಭೆಯಲ್ಲಿ ಮಾಡಿದ ಭಾಷಣ)



ಪ್ಯಾಲೆಸ್ಟೈನಿನ ಜಗಳಕ್ಕೂ ಶೃಂಗೇರಿಯ ಗಿರಣಿ ಕೂಲಿಗಾರನಿಗೂ ಏನು ಸಂಬಂಧವೆಂದು ಕೆಲವರು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದವರಲ್ಲಿ ಜೋಧಪುರದವರ ಜೊತೆಗೆ ನಮ್ಮ ಮೈಸೂರು ಸಂಸ್ಥಾನದ ಕುದುರೆ ಸವಾರರೂ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಗೆದ್ದ ನೆಲ ಮಾತ್ರ ಬ್ರಿಟಿಷರ ಕೈಗೆ ಹೋಯಿತು. ಅಲ್ಲಿ ಯೆಹೂದಿಗಳಿಗೊಂದು ರಾಷ್ಟ್ರೀಯ ನೆಲೆ ಮಾಡಿಕೊಡುವುದಾಗಿ ಲಂಡನ್ ಸರಕಾರ 1917ರಲ್ಲಿಯೇ ಮಾತು ಕೊಟ್ಟಾಗಿತ್ತು. ಆ ನೆಲವನ್ನು ಉಳುತ್ತಿದ್ದವರನ್ನು ಯಾರೂ ಕೇಳಲಿಲ್ಲ.

ಮುಂದಿನದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೈಫಾದ ಹತ್ತಿರದ ಜೆಜ್ರೀಲ್ ಕಣಿವೆಯ ಬಹುಭಾಗ ಬೇರುತ್ ನಗರದಲ್ಲಿ ಕುಳಿತ ಸುರ್ಸೋಕ್ ಮನೆತನದ ಸೊತ್ತು. 1920ರ ದಶಕದಲ್ಲಿ ಧಣಿಗಳು ಅದನ್ನು ಯೆಹೂದಿ ಸಂಸ್ಥೆಗಳಿಗೆ ಮಾರಿದರು. ಕಾಗದವೆಲ್ಲ ಸರಿಯಾಗಿಯೇ ಇತ್ತು. ಗೇಣಿದಾರರು ಮಾತ್ರ ಮನೆ ಬಿಟ್ಟು ಹೊರಡಬೇಕಾಯಿತು. 1951ರಲ್ಲಿ ಕಾಗೋಡಿನ ರೈತರು ಎದ್ದು ನಿಂತದ್ದು ಇಂಥ ಧಣಿತನದ ಎದುರಿಗೇ ಅಲ್ಲವೇ? ಇಲ್ಲಿ ತಡವಾಗಿಯಾದರೂ 1974ರಲ್ಲಿ ಗೇಣಿ ಹೋಯಿತು. ಅಲ್ಲಿ ಅದೇ ಜಗಳಕ್ಕೆ ಜಾತಿಧರ್ಮದ ಬಣ್ಣ ಹತ್ತಿತು.

ಕೊಂಡವರೂ ಸುಖ ಹೆಚ್ಚಾಗಿ ಬಂದವರಲ್ಲ. ಹಿಟ್ಲರನ ಕಾಲದಲ್ಲಿ ಯೂರೋಪಿನ 60 ಲಕ್ಷ ಯೆಹೂದಿಗಳ ಕೊಲೆಯಾಯಿತು. ಅವರಿಗೊಂದು ಸೂರು ಬೇಕಾಗಿರಲಿಲ್ಲವೆಂದು ಸಮಾಜವಾದಿಗಳಾದ ನಾವು ಹೇಳಲಾರೆವು. 1947ರಲ್ಲಿ ವಿಶ್ವಸಂಸ್ಥೆ ನೆಲವನ್ನು ಎರಡು ಪಾಲು ಮಾಡಿ, ಜನಸಂಖ್ಯೆಯಲ್ಲಿ ಮೂರರಲ್ಲೊಂದು ಭಾಗದಷ್ಟಿದ್ದ ಯೆಹೂದಿಗಳಿಗೆ ನೂರಕ್ಕೆ 55ರಷ್ಟನ್ನು ಕೊಟ್ಟಿತು. ಒಂದೇ ಸಂಯುಕ್ತ ರಾಜ್ಯವಾಗಲೆಂದ ಭಾರತ ವಿರುದ್ಧ ಮತ ಹಾಕಿತು. ವಿಭಜನೆಯೆಂದರೇನೆಂದು ಆ ವರ್ಷ ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ. ಯುದ್ಧವಾಗಿ 7 ಲಕ್ಷ ಅರಬರು ನಿರಾಶ್ರಿತರಾದರು.

ಈಗ ಎರಡು ರಾಜ್ಯಗಳಾಗಲು ಸಾಧ್ಯವೇ? 2025ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಭಾರತವೂ ಸೇರಿ 142 ದೇಶಗಳು ಆಗಲೆಂದವು. ಇಸ್ರೇಲಿನ ಸಂಸತ್ತು 2024ರಲ್ಲಿ 68–9 ಮತದಿಂದ ಆಗದೆಂದಿತ್ತು. 1993ರಲ್ಲಿ ಓಸ್ಲೋ ಒಪ್ಪಂದವಾದಾಗ ಪಶ್ಚಿಮ ದಂಡೆಯಲ್ಲಿ ಯೆಹೂದಿ ವಲಸಿಗರು ಲಕ್ಷದ ಆಸುಪಾಸು ಇದ್ದರು. 30 ವರ್ಷದಲ್ಲಿ 5 ಲಕ್ಷವಾದರು. ಮಾತುಕತೆ ಅತ್ತ, ಮನೆ ಕಟ್ಟುವುದು ಇತ್ತ. ಒಪ್ಪಂದ ಮಾಡಿದ ಪ್ರಧಾನಿ ರಾಬಿನ್‌ರನ್ನು 1995ರಲ್ಲಿ ಕೊಂದವನು ಯೆಹೂದಿಯೇ. ಹಮಾಸ್‌ನ ಬಾಂಬುಗಳೂ ಆ ಒಪ್ಪಂದವನ್ನು ಮುರಿಯಲೆಂದೇ ಸಿಡಿದವು. 2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ 1,200ರಷ್ಟು ಜನ ಸತ್ತರು. ಬಳಿಕ 2025ರ ಅಕ್ಟೋಬರಿನ ಕದನವಿರಾಮದೊಳಗೆ ಗಾಜಾದಲ್ಲಿ ಸತ್ತವರು 67,000ಕ್ಕೂ ಮೇಲೆಂದು ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕ.

ಇನ್ನು ನಮ್ಮ ಪಾಲಿನ ಮಾತು. ಆ ದಾಳಿಗೆ ಮೊದಲು ಲಕ್ಷಕ್ಕೂ ಮಿಕ್ಕ ಪ್ಯಾಲೆಸ್ಟೀನಿಯರು ದಿನವೂ ಗಡಿ ದಾಟಿ ಇಸ್ರೇಲಿನಲ್ಲಿ ಗಾರೆ ಕೆಲಸ, ತೋಟದ ಕೆಲಸ ಮಾಡುತ್ತಿದ್ದರು. ಅವರ ಪರವಾನಗಿ ರದ್ದಾಯಿತು. ಆ ವರ್ಷದ ಮೇ ತಿಂಗಳಲ್ಲೇ 42,000 ಭಾರತೀಯ ಕೂಲಿಗಾರರನ್ನು ಕಳಿಸುವ ಒಪ್ಪಂದವಾಗಿತ್ತು. 2024ರ ಜನವರಿಯಲ್ಲಿ ಹರಿಯಾಣ, ಉತ್ತರ ಪ್ರದೇಶಗಳಲ್ಲಿ ಸಾಲುಗಟ್ಟಿ ಭರ್ತಿ ನಡೆಯಿತು. ಹೋದವರನ್ನು ನಾವು ದೂರುವುದಿಲ್ಲ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಮೊದಲಿನಿಂದಲೂ ಅಲ್ಲಿ ಮುದುಕರ ಆರೈಕೆ ಮಾಡಿ ಊರಿಗೆ ಹಣ ಕಳಿಸುತ್ತಿದ್ದಾರೆ. ಆದರೆ ಹೊರಗಟ್ಟಿದ ಕೂಲಿಗಾರನ ಜಾಗಕ್ಕೆ ಹಸಿದ ಇನ್ನೊಬ್ಬನನ್ನು ತರುವುದು ಗಿರಣಿ ಧಣಿಗಳ ಹಳೆಯ ಆಟ; ಮುಷ್ಕರ ಮಾಡಿದವರಿಗೆ ಗೊತ್ತು. ಕೇಂದ್ರ ಕಾರ್ಮಿಕ ಸಂಘಗಳು ಇದನ್ನು 2023ರಲ್ಲೇ ವಿರೋಧಿಸಿವೆ.

ವ್ಯಾಪಾರಿ ಮಿತ್ರರಿಗೂ ಒಂದು ಮಾತು. ಯೆಮೆನಿನ ಹೂಥಿಗಳು ಕೆಂಪು ಸಮುದ್ರದಲ್ಲಿ ಹಡಗುಗಳಿಗೆ ಹೊಡೆಯತೊಡಗಿದಾಗ ಇಟಲಿಗೆ ಹೋಗುವ ನಮ್ಮ ಕಾಫಿ ಆಫ್ರಿಕವನ್ನು ಬಳಸಿ ಹೋಗಬೇಕಾಯಿತು. ಆ ಬಾಡಿಗೆ ಯಾರ ತಲೆಗೆ ಬಂತೆಂದು ತಾವೇ ಬಲ್ಲಿರಿ.

ಸಭೆಯ ಮುಂದೆ ನಾವಿಡುವ ಠರಾವು ಇಷ್ಟು: ಭಾರತವು 1988ರಲ್ಲಿ ಮನ್ನಿಸಿದ ಪ್ಯಾಲೆಸ್ಟೈನ್ ರಾಜ್ಯಕ್ಕೆ ನೆಲ ಸಿಗಬೇಕಾದರೆ ವಲಸೆ ವಸತಿಗಳ ಕಟ್ಟಡ ನಿಲ್ಲಬೇಕೆಂದು ದೆಹಲಿ ಸರಕಾರ ಬಾಯಿಬಿಟ್ಟು ಹೇಳಬೇಕು, ಹೊರಹಾಕಿದವರ ಕೆಲಸಕ್ಕೆ ನಮ್ಮವರನ್ನು ಭರ್ತಿ ಮಾಡುವುದನ್ನು ಬಿಡಬೇಕು. ಒಪ್ಪುವವರು ಕೈಯೆತ್ತಬೇಕು.