ಶಾಲೆಯೂ ನಗರಸಭೆಯೂ ನಾವೂ

(ಚೆನ್ನೈ ಕನ್ನಡಿಗರ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನವೆಂಬರ್ ತಿಂಗಳು ಬಂತೆಂದರೆ ಕನ್ನಡಿಗರು ಎಲ್ಲಿದ್ದರೂ ಒಂದೆಡೆ ಕಲೆತು ನುಡಿಯ ಹಿರಿಮೆಯನ್ನು ಕೊಂಡಾಡುತ್ತೇವೆ. ಅದು ಆಗತಕ್ಕದ್ದೇ. ಆದರೆ ಇಂದು ಕಾರ್ಯದರ್ಶಿಗಳು ನನಗೆ ಒಪ್ಪಿಸಿರುವ ವಿಷಯ ಬೇರೆ. ಶಾಲೆಗಳೂ ಊರಿನ ಆಡಳಿತ ಸಂಸ್ಥೆಗಳೂ ಕೈಗೂಡಿಸಿ ಜನಹಿತದ ಕೆಲಸಗಳನ್ನು ಹೇಗೆ ನಡೆಸಬಲ್ಲವು ಎಂಬುದು. ಹಬ್ಬದ ದಿನಕ್ಕೆ ಇದು ಕೊಂಚ ಒಣ ವಿಷಯವೆಂದು ತೋರಬಹುದು. ಆದರೆ ನಾವು ಬಾಳುತ್ತಿರುವ ಈ ಊರಿನಲ್ಲಿಯೇ ಇದಕ್ಕೆ ನೂರು ವರ್ಷ ಮೀರಿದ ಒಂದು ಇತಿಹಾಸವುಂಟು. ಅದನ್ನೇ ಹಿಡಿದು ನಾಲ್ಕು ಮಾತು ಹೇಳುತ್ತೇನೆ.

1920ನೆಯ ಇಸವಿ ಸೆಪ್ಟೆಂಬರ್ ತಿಂಗಳಲ್ಲಿ ಮದ್ರಾಸು ನಗರಸಭೆ ಒಂದು ನಿರ್ಣಯವನ್ನು ಕೈಗೊಂಡಿತು. ಥೌಸಂಡ್ ಲೈಟ್ಸ್ ಭಾಗದಲ್ಲಿದ್ದ ತನ್ನ ಶಾಲೆಯ ಮಕ್ಕಳಿಗೆ ಉಪಾಹಾರ ಕೊಡತಕ್ಕದ್ದು. ಖರ್ಚು ಮಗುವೊಂದಕ್ಕೆ ದಿನಕ್ಕೆ ಒಂದಾಣೆಯನ್ನು ಮೀರತಕ್ಕದ್ದಲ್ಲ. ಆಗ ನಗರಸಭೆಯ ಅಧ್ಯಕ್ಷರಾಗಿದ್ದವರು ಪಿಟ್ಟಿ ತ್ಯಾಗರಾಯ ಚೆಟ್ಟಿಯವರು. ನಮ್ಮವರು ಅನೇಕರು ಮನೆ ಮಾಡಿಕೊಂಡಿರುವ ತ್ಯಾಗರಾಯನಗರಕ್ಕೆ ಅವರದೇ ಹೆಸರು. ಅವರು ಸಭೆಯ ಮುಂದಿಟ್ಟ ಕಾರಣ ಸರಳವಾದದ್ದು: ಮಕ್ಕಳು ಬಡವರು, ಆದ್ದರಿಂದಲೇ ಶಾಲೆಯಲ್ಲಿ ಅವರ ಸಂಖ್ಯೆ ನಿಲ್ಲುತ್ತಿಲ್ಲ. ಹಸಿದ ಹೊಟ್ಟೆಗೆ ಅಕ್ಷರ ಹತ್ತುವುದಿಲ್ಲವೆಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತು ಹೀಗೆ ಒಂದು ಆಡಳಿತ ಸಂಸ್ಥೆಯ ದಫ್ತರಕ್ಕೆ ಏರಿತು. ಮುಂದೆ ಇನ್ನೂ ನಾಲ್ಕು ಶಾಲೆಗಳಿಗೆ ಈ ಏರ್ಪಾಡು ಹಬ್ಬಿತು. ಮಕ್ಕಳ ಸಂಖ್ಯೆಯೂ ಏರಿತು.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಪ್ರಾಥಮಿಕ ಶಿಕ್ಷಣಕ್ಕೆಂದು ಮೀಸಲಾದ ನಿಧಿಯಿಂದ ಊಟದ ಖರ್ಚು ಹಾಕಕೂಡದೆಂದು ಅಂದಿನ ಸರಕಾರ ತಡೆಯಿತು. 1925ರ ಏಪ್ರಿಲ್ 1ರಂದು ಉಪಾಹಾರ ನಿಂತುಹೋಯಿತು. ಮಕ್ಕಳ ಹಸಿವು ತೀರಿತೆಂದು ನಿಂತದ್ದಲ್ಲ. ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಕಲಮು ಇರಲಿಲ್ಲವೆಂದು ನಿಂತದ್ದು. 1927ರಲ್ಲಿ ಅದು ಮತ್ತೆ ಆರಂಭವಾಗಿ 25 ಶಾಲೆಗಳ ಸುಮಾರು 1,000 ಬಡ ಮಕ್ಕಳಿಗೆ ದೊರಕಿತು. ನಡುವಣ ಎರಡು ವರ್ಷ ಆ ಮಕ್ಕಳು ಏನು ಮಾಡಿದರು? ದಫ್ತರಗಳು ಅದನ್ನು ಬರೆದಿಡುವುದಿಲ್ಲ. ನಾವು ಊಹಿಸಿಕೊಳ್ಳಬಹುದು.

ಈ ಸಂಗತಿ ನಮಗೂ ಹೊರತಾದುದಲ್ಲ. ಅಂದು ಬಳ್ಳಾರಿಯೂ ದಕ್ಷಿಣ ಕನ್ನಡವೂ ಇದೇ ಮದ್ರಾಸು ಪ್ರಾಂತಕ್ಕೆ ಸೇರಿದ್ದವು. 1920ರ ಪ್ರಾಥಮಿಕ ಶಿಕ್ಷಣದ ಕಾನೂನು ಇಲ್ಲಿಯ ಮಗುವಿಗೆ ಹೇಗೋ ಹಾಗೆ ಅಲ್ಲಿಯ ಕನ್ನಡದ ಮಗುವಿಗೂ ಅನ್ವಯಿಸುತ್ತಿತ್ತು.

ಮುಂದೆ 1956ರಲ್ಲಿ ಮುಖ್ಯಮಂತ್ರಿ ಕಾಮರಾಜರು ಮಧ್ಯಾಹ್ನದ ಊಟವನ್ನು ರಾಜ್ಯದ ಶಾಲೆಗಳಿಗೆ ವಿಸ್ತರಿಸಿದಾಗ, ಸರಕಾರದ ಹಣದ ಜೊತೆಗೆ ಊರಿನವರ ವಂತಿಗೆಯೂ ಸೇರಿತು. 1958ರಿಂದ ಶಿಕ್ಷಣಾಧಿಕಾರಿ ಸುಂದರವಡಿವೇಲು ಅವರ ಮುಂದಾಳುತನದಲ್ಲಿ ಶಾಲಾ ಸುಧಾರಣಾ ಸಮ್ಮೇಳನಗಳು ನಡೆದವು. ಶಾಲೆಗೆ ಏನು ಬೇಕೆಂದು ಪಟ್ಟಿ ಮಾಡುವುದು, ಆ ಪಟ್ಟಿಯನ್ನು ಊರಿನವರ ಮುಂದಿಡುವುದು, ಅವರು ತಮ್ಮ ಶಕ್ತ್ಯನುಸಾರ ಕೊಡುವುದು, ಇಷ್ಟೇ ಅದರ ಕ್ರಮ. ಹನಿಗೂಡಿ ಹಳ್ಳವಾಯಿತು.

ಈ ಇತಿಹಾಸದಿಂದ ನಾವು ತಿಳಿಯತಕ್ಕದ್ದೇನು? ಯಾವ ಮಗು ಹಸಿದು ಬಂದಿದೆ, ಯಾವ ಮಗು ವಾರದಿಂದ ಬಂದೇ ಇಲ್ಲ ಎಂಬುದು ಉಪಾಧ್ಯಾಯರಿಗೆ ಗೊತ್ತು. ಆದರೆ ಅವರ ಕೈಯಲ್ಲಿ ಹಣವಿಲ್ಲ. ನಗರಸಭೆಯಲ್ಲಿ ಹಣವುಂಟು, ನೀರು, ದೀಪ, ಕಟ್ಟಡ ಎಲ್ಲವೂ ಅದರ ವಶ; ಆದರೆ ಅದಕ್ಕೆ ಮಗುವಿನ ಮುಖ ತಿಳಿಯದು. ಈ ಅರಿವನ್ನೂ ಆ ಅಧಿಕಾರವನ್ನೂ ಒಂದೆಡೆ ತರಬೇಕು. ತಂದ ಮೇಲೆ ಅದು ಲೆಕ್ಕದ ಪುಸ್ತಕದಲ್ಲಿ ಅಳಿಸಿಹೋಗದಂತೆ ಕಾಯಬೇಕು. ಕಾಯುವವರು ನೆರೆಹೊರೆಯ ಜನ. ಈ ಮೂವರಲ್ಲಿ ಒಬ್ಬರು ಹಿಂದೆಗೆದರೂ ಕೆಲಸ ಕುಂಟುತ್ತದೆ.

ಇಂದು ಕಾನೂನೂ ಇದನ್ನೇ ಹೇಳುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾನೂನಿನಂತೆ ಸರಕಾರಿ ಶಾಲೆಗಳಿಗೂ ನೆರವು ಪಡೆಯುವ ಶಾಲೆಗಳಿಗೂ ಒಂದೊಂದು ಸಮಿತಿ ಇರತಕ್ಕದ್ದು. ಅದರಲ್ಲಿ ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿ, ಉಪಾಧ್ಯಾಯರು, ತಂದೆತಾಯಿಯರು ಕೂಡಿ ಕೂರಬೇಕು. ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಮಕ್ಕಳ ಪೋಷಕರು. ಒಟ್ಟಿನಲ್ಲಿ ಅರ್ಧದಷ್ಟು ಮಂದಿ ಸ್ತ್ರೀಯರು. ನಮ್ಮ ಕರ್ನಾಟಕದಲ್ಲಿ ಇದಕ್ಕೂ ಮೊದಲೇ, 2001ರಲ್ಲಿ, ಶಾಲಾಭಿವೃದ್ಧಿ ಸಮಿತಿಗಳು ಹುಟ್ಟಿಕೊಂಡವು. ಮರು ವರ್ಷ ಏಳು ಜಿಲ್ಲೆಗಳಲ್ಲಿ ಬಿಸಿಯೂಟ ಆರಂಭವಾದಾಗ ಅದಕ್ಕೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟರು. ಹೆಸರು ಬಹಳ ಅರ್ಥವತ್ತಾದುದು. ಶರಣರ ದಾಸೋಹವೆಂದರೆ ಕೈಯೆತ್ತಿ ಕೊಡುವ ಭಿಕ್ಷೆಯಲ್ಲ. ಕೊಡುವವನೇ ಕೈಮುಗಿದು ಮಾಡುವ ಸೇವೆ. 2020ರಲ್ಲಿ ರೋಗದ ಭಯದಿಂದ ಶಾಲೆಗಳು ಮುಚ್ಚಿದ್ದಾಗ, ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಶುಲ್ಕವಿಲ್ಲದೆ ಸದಸ್ಯತ್ವ ಕೊಡುವ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಕರ್ನಾಟಕದಲ್ಲಿ ಮೊದಲಾಯಿತು. ಶಾಲೆಯ ಬಾಗಿಲು ಮುಚ್ಚಿದಾಗ ಪಂಚಾಯಿತಿಯ ಬಾಗಿಲು ತೆರೆಯಿತು ಎನ್ನೋಣ.

ಇತ್ತ ತಮಿಳುನಾಡಿನಲ್ಲಿ 2022ರ ಸೆಪ್ಟೆಂಬರಿನಲ್ಲಿ ಪ್ರಾಥಮಿಕ ಶಾಲೆಗಳ ಬೆಳಗಿನ ಉಪಾಹಾರ ಮೊದಲಾಗಿ, 2023ರ ಆಗಸ್ಟಿನಲ್ಲಿ ರಾಜ್ಯವನ್ನೆಲ್ಲ ವ್ಯಾಪಿಸಿತು. ಥೌಸಂಡ್ ಲೈಟ್ಸಿನ ಒಂದಾಣೆಯ ಉಪಾಹಾರ ರಾಜ್ಯದ ಮಕ್ಕಳಿಗೆಲ್ಲ ಮುಟ್ಟಲು ನೂರು ವರ್ಷಕ್ಕೂ ಮಿಕ್ಕು ಹಿಡಿಯಿತು. ಒಳ್ಳೆಯ ಕೆಲಸ ತಾನಾಗಿ ಬೆಳೆಯುವುದಿಲ್ಲ. ಯಾರಾದರೂ ಬಿಡದೆ ಕೇಳುತ್ತಿರಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಾಗಾದರೆ, ಮಹನೀಯರೆ, ಹೊರನಾಡಿನಲ್ಲಿರುವ ನಮ್ಮ ಪಾಲಿನ ಕೆಲಸವೇನು? ನಮ್ಮ ಭಾಷೆಗೆ ಸ್ಥಾನ ಕೊಡಿರೆಂದು ಈ ಊರನ್ನು ಕೇಳುತ್ತೇವೆ. ಕೇಳುವುದು ನ್ಯಾಯವೇ. ಆದರೆ ಈ ಊರಿನ ಮಕ್ಕಳಿಗಾಗಿ ನಾವೇನು ಮಾಡಿದೆವೆಂದು ಊರು ಕೇಳಿದರೆ ಉತ್ತರವಿರಬೇಡವೆ? ಅದೇ ಕಾನೂನಿನ ಒಂಬತ್ತನೆಯ ಕಲಮು ಸ್ಥಳೀಯ ಸಂಸ್ಥೆಗೆ ಎರಡು ಹೊಣೆಗಳನ್ನು ಹೊರಿಸಿದೆ: ತನ್ನ ಎಲ್ಲೆಯೊಳಗಿನ ಹದಿನಾಲ್ಕು ವರ್ಷದವರೆಗಿನ ಮಕ್ಕಳ ಪಟ್ಟಿಯನ್ನಿಡುವುದು, ವಲಸೆ ಬಂದವರ ಮಕ್ಕಳನ್ನು ಶಾಲೆಗೆ ಸೇರಿಸುವುದು. ಕಟ್ಟಡದ ಕೂಲಿಗೆ ದೂರದಿಂದ ಬಂದವರ ಮಗು ಮರಳಿನ ಗುಡ್ಡೆಯ ಮೇಲೆ ದಿನ ಕಳೆಯುವುದನ್ನು ನಾವು ಕಾಣುತ್ತೇವೆ. ಆ ಮಗುವಿನ ಹೆಸರು ಪಟ್ಟಿಯಲ್ಲಿ ಉಂಟೋ ಇಲ್ಲವೋ ನೋಡುವವರು ಯಾರು? ಭಾಷೆ ಬಾರದ ಊರಿಗೆ ಬಂದು ಬೇರೂರುವ ಕಷ್ಟವನ್ನು ಬಲ್ಲವರು ನಾವು. ನಾವಲ್ಲದೆ ಇನ್ನಾರು?

ಸಂಘದ ಮುಂದೆ ನನ್ನದೊಂದು ಚಿಕ್ಕ ವಿಜ್ಞಾಪನೆ. ನಾವಿರುವ ಪ್ರತಿಯೊಂದು ವಾರ್ಡಿನಲ್ಲಿಯೂ ಇಬ್ಬರು ಸದಸ್ಯರು ಹತ್ತಿರದ ನಗರಸಭೆಯ ಶಾಲೆಗೆ ಹೋಗಲಿ. ಮುಖ್ಯೋಪಾಧ್ಯಾಯರಿಗೆ ನಮಸ್ಕಾರ ಹೇಳಿ ಏನು ಬೇಕೆಂದು ಕೇಳಲಿ. ಶಾಲೆಯ ಹೊರಗೆ ಉಳಿದ ಮಗು ಕಣ್ಣಿಗೆ ಬಿದ್ದರೆ ಅದರ ಹೆಸರು, ವಯಸ್ಸು, ಇರುವ ಜಾಗ ಬರೆದು ಉಪಾಧ್ಯಾಯರಿಗೊಂದು ಪ್ರತಿ, ವಾರ್ಡಿನ ಸದಸ್ಯರಿಗೊಂದು ಪ್ರತಿ ಕೊಡಲಿ. ಆ ಮಗು ಕನ್ನಡ ಬಲ್ಲದ್ದಾದರೆ ದುಭಾಷಿಗಳಾಗಿ ಪಕ್ಕದಲ್ಲಿ ನಿಲ್ಲಲಿ. ಬಂದ ಉತ್ತರವನ್ನು ಮುಂದಿನ ತಿಂಗಳ ಸಭೆಯಲ್ಲಿ ಓದಲಿ. ಉತ್ತರ ಬಾರದಿದ್ದರೆ ಮತ್ತೊಮ್ಮೆ ಹೋಗಲಿ.

ಇದಕ್ಕೆ ಹಣ ಬೇಡ, ವೇದಿಕೆ ಬೇಡ; ತಿಂಗಳಿಗೊಂದು ಬೆಳಗು ಸಾಕು. ಈ ಸಭೆ ಮುಗಿಯುವ ಮುನ್ನ ತಮ್ಮ ತಮ್ಮ ವಾರ್ಡಿನ ಹೆಸರನ್ನು ಕಾರ್ಯದರ್ಶಿಗಳಲ್ಲಿ ಬರೆಸಿ ಹೋಗಬೇಕೆಂದು ಪ್ರಾರ್ಥಿಸುತ್ತೇನೆ.