ಕಂಬವಿಲ್ಲದ ಮನೆಯ ದೀಪ



ಶತಮಾನೋತ್ಸವದ ನಿಮಿತ್ತ ದೇವಾಲಯಕ್ಕೆ ಮಾಡಿರುವ ದೀಪಾಲಂಕಾರವನ್ನು ಕಂಡು ತಾವೆಲ್ಲರೂ ಹರ್ಷಿತರಾಗಿದ್ದೀರಿ. ನಾವಾದರೋ ಇಂದು ಬೇರೊಂದು ದೀಪವನ್ನು ಕುರಿತು ನಾಲ್ಕು ಮಾತುಗಳನ್ನಾಡಲು ಅಪೇಕ್ಷಿಸುತ್ತೇವೆ. ಬಡವರ ಮನೆಗೊಂದು ದೀಪವನ್ನಿತ್ತ ಭಾಗ್ಯಜ್ಯೋತಿಯಿಂದ ಮೊದಲುಗೊಂಡು 2017ರಲ್ಲಿ ಆರಂಭವಾದ ಸೌಭಾಗ್ಯ ಯೋಜನೆಯವರೆಗೆ ಸರ್ಕಾರಗಳು ಊರೂರಿಗೆ ತಂತಿಯನ್ನೆಳೆದಿವೆ. ಆದರೆ ಊರನ್ನು ಬಿಟ್ಟು ಹೊಲದಲ್ಲಿಯೇ ಮನೆ ಮಾಡಿಕೊಂಡವರಿಗೆ, ಅಡವಿಯಂಚಿನಲ್ಲಿ ದನಗಳೊಡನೆ ವಾಸಿಸುವ ಗೌಳಿಗರಿಗೆ ಕಂಬವು ದೂರವೇ ಉಳಿಯಿತು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಿಂದ ಬಂದು ಕುಳಿತಿರುವ ತಮ್ಮಲ್ಲಿಯೂ ಇಂತಹ ಮನೆಗಳವರಿದ್ದೀರಿ. ಕತ್ತಲಾದೊಡನೆ ಹಾವು ಚೇಳುಗಳ ಅಂಜಿಕೆ. ಮಕ್ಕಳ ಓದು ಚಿಮಣಿಯ ಹೊಗೆಯಲ್ಲಿ. ಬಿತ್ತುವ ಭೂಮಿಯ ಮಗ್ಗುಲನ್ನು ತೊರೆದು ಊರೊಳಗಿನ ಬಾಡಿಗೆ ಮನೆಗೆ ಹೋಗುವುದೋ, ಸೂರ್ಯನನ್ನೇ ನಂಬಿ ಅಲ್ಲಿಯೇ ಇರುವುದೋ ಎಂದು ನಮ್ಮನ್ನು ಕೇಳುವವರುಂಟು.

ಇರಬಹುದೆಂಬುದೇ ನಮ್ಮ ಉತ್ತರ. ಆದರೆ ಮೊದಲು ಲೆಕ್ಕ ಹಾಕಬೇಕು. ಬಳಿಕ ದನವನ್ನು ಸಾಕುವಂತೆ ಬ್ಯಾಟರಿಯನ್ನು ಸಾಕಬೇಕು.

ಸೌರದೀಪವು ನಮ್ಮ ನಾಡಿಗೆ ಹೊಸತಲ್ಲ. ಹರೀಶ್ ಹಂದೆಯವರು 1995ರಲ್ಲಿ ಸೆಲ್ಕೋ ಸಂಸ್ಥೆಯನ್ನು ಸ್ಥಾಪಿಸಿ ಕರ್ನಾಟಕದ ಹಳ್ಳಿಗಳಿಗೆ ಅದನ್ನು ಒಯ್ದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಅವರ ಕಾರ್ಯದಲ್ಲಿ ನಮಗೆ ಹೆಚ್ಚು ಮೆಚ್ಚುಗೆಯಾದುದು ಫಲಕವಲ್ಲ, ಹಣದ ವಿಚಾರ. ತಿಂಗಳಿಗೆ 300 ರೂಪಾಯಿ ಎಂದರೆ ಭಾರ, ದಿನಕ್ಕೆ 10 ರೂಪಾಯಿ ಎಂದರೆ ಹಗುರ ಎಂಬುದನ್ನು ಬೀದಿಯ ಬಡ ವ್ಯಾಪಾರಿಯಿಂದ ಕಲಿತುದಾಗಿ ಅವರು ಹೇಳಿಕೊಂಡಿದ್ದಾರೆ. ಗಣಿತದಲ್ಲಿ ಎರಡೂ ಒಂದೇ; ಬದುಕಿನಲ್ಲಿ ಅಲ್ಲ. ಇಂತಹ ದೀಪಗಳಿಗೆ ಸಾಲ ಕೊಡಲು ಮೊದಮೊದಲು ಮುಂದೆ ಬಂದ ಬ್ಯಾಂಕುಗಳಲ್ಲಿ ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕೂ ಒಂದು. ಅದು 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಾಗಿ, 2025ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿಹೋಯಿತು. ಸಾಲ ಕೇಳುವಾಗ ಕಂತನ್ನು ತಮ್ಮ ಸಂಪಾದನೆಯ ಕಾಲಕ್ಕೆ ಹೊಂದಿಸಿ ಕೇಳಿರಿ: ಹೈನದವರು ಹಾಲಿನ ಹಣ ಕೈಗೆ ಬರುವ ದಿನಕ್ಕೆ, ಗೋವಿನಜೋಳದವರು ಸುಗ್ಗಿಗೆ, ಸವಣೂರಿನ ಎಲೆತೋಟದವರು ಎಲೆ ಕೊಯ್ಲಿಗೆ. ದೀಪ ಆರಿದರೂ ಕಂತು ಆರುವುದಿಲ್ಲ.

ಇನ್ನು ಲೆಕ್ಕ. 7 ವ್ಯಾಟಿನ 4 ಎಲ್‌ಇಡಿ ದೀಪಗಳು 5 ಗಂಟೆ ಉರಿದರೆ 140 ವ್ಯಾಟ್-ಗಂಟೆ. 30 ವ್ಯಾಟಿನ ಫ್ಯಾನು 8 ಗಂಟೆ ತಿರುಗಿದರೆ 240. ಸಣ್ಣ ಟಿ.ವಿ.ಗೆ 2 ಗಂಟೆಗೆ 80, ಮೊಬೈಲುಗಳಿಗೆ 20. ಒಟ್ಟು 480. (ಹಳೆಯ 60 ವ್ಯಾಟಿನ ಬಲ್ಬುಗಳು ನಾಲ್ಕಿದ್ದರೆ ಬೆಳಕಿಗೇ 1,200 ಬೇಕಾಗುತ್ತಿತ್ತು.) ನಮ್ಮ ಸೀಮೆಯಲ್ಲಿ ವರ್ಷದ ಸರಾಸರಿ ಹಿಡಿದರೆ ದಿನಕ್ಕೆ ಸುಮಾರು 5 ಗಂಟೆಗಳ ಪೂರ್ಣ ಬಿಸಿಲಿನಷ್ಟು ಶಕ್ತಿ ದೊರೆಯುತ್ತದೆ. ಆದರೆ ಸರಾಸರಿಯನ್ನು ನಂಬಿ ಮನೆ ನಡೆಯದು. ಮೋಡದ ತಿಂಗಳುಗಳಿಗಾಗಿ ಮೂರೂವರೆ ಗಂಟೆಯೆಂದೇ ಎಣಿಸಿ, ಧೂಳು, ಶಾಖ, ತಂತಿ, ಬ್ಯಾಟರಿಗಳಲ್ಲಿ ನೂರಕ್ಕೆ 30ರಷ್ಟು ಸೋರಿಹೋಗುವುದೆಂದು ಕಳೆದರೆ, 200 ವ್ಯಾಟಿನ ಫಲಕವು 490 ಕೊಡುತ್ತದೆ. ಸಾಕು. ಹೀಟರು, ಇಸ್ತ್ರಿಪೆಟ್ಟಿಗೆಗಳಿಗೆ ಈ ಮನೆಯಲ್ಲಿ ಸ್ಥಾನವಿಲ್ಲ.

ಮಲೆನಾಡಿಗೆ ಅಂಟಿಕೊಂಡ ಹಾನಗಲ್ಲಿನ ಪಶ್ಚಿಮ ಭಾಗದವರು ಇದಕ್ಕಿಂತ ದೊಡ್ಡ ಫಲಕವನ್ನೇ ಹಾಕಿಸಬೇಕು. ಅಲ್ಲಿ ಆಷಾಢದ ಮೋಡ ಬೇಗನೆ ಕದಲುವುದಿಲ್ಲ. ನಾವು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 15 ಡಿಗ್ರಿಯಲ್ಲಿರುವುದರಿಂದ, ಫಲಕವನ್ನು ದಕ್ಷಿಣಕ್ಕೆ ಅಷ್ಟೇ ಓರೆಯಾಗಿ ನಿಲ್ಲಿಸುವುದು ಯೋಗ್ಯ. ತೆಂಗಿನ ಒಂದು ಗರಿಯ ನೆರಳು ಬಿದ್ದರೂ ಉತ್ಪತ್ತಿ ಬಹಳವಾಗಿ ಕುಗ್ಗುತ್ತದೆ. ರಾಶಿಯ ಕಾಲದಲ್ಲಿ ಹೊಟ್ಟಿನ ಧೂಳು ಕೂತರೆ ಮುಂಜಾನೆ ತಂಪಿನಲ್ಲಿ ತೊಳೆಯಿರಿ.

ಮನೆ ಮುಳುಗುವುದು ಬ್ಯಾಟರಿಯಲ್ಲಿ. 12 ವೋಲ್ಟಿನ, 150 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ 1,800 ವ್ಯಾಟ್-ಗಂಟೆ ಹಿಡಿಯುತ್ತದೆ; ಅದು ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ತೆಗೆಯಲಾಗದು. ಎಂದರೆ 900, ಎರಡು ರಾತ್ರಿಗೆ ತುಸು ಕಡಿಮೆ. ಮೋಡ ಕವಿದ ಎರಡನೆಯ ದಿನವೇ ಟಿ.ವಿ. ನಿಲ್ಲಬೇಕು, ಫ್ಯಾನು ನಿಲ್ಲಬೇಕು, ಅಡಿಗೆಮನೆಯ ಮತ್ತು ಓದುವ ಮಗುವಿನ ದೀಪ ಮಾತ್ರ ಉಳಿಯಬೇಕು. ಶುಭಸಂದೇಶದ ಆ ಐದು ಮಂದಿ ವಿವೇಕಿ ಕನ್ಯೆಯರ ಎಣ್ಣೆಯ ಪಾತ್ರೆ ಇಂದಿನ ಹೊಲಮನೆಯಲ್ಲಿ ಈ ಬ್ಯಾಟರಿಯೇ. ಬ್ಯಾಟರಿ ಬರಿದಾಗುತ್ತ ಬಂದಾಗ ದೀಪವನ್ನು ತಾನೇ ಆರಿಸುವ ಪುಟ್ಟ ಪೆಟ್ಟಿಗೆಯೊಂದು ಗೋಡೆಯ ಮೇಲಿರುತ್ತದೆ. ಅದು ಕೆಟ್ಟಿದೆಯೆಂದು ಭಾವಿಸಿ, ಅದನ್ನು ತಪ್ಪಿಸಿ ಬ್ಯಾಟರಿಗೇ ನೇರವಾಗಿ ತಂತಿ ಸಿಕ್ಕಿಸುವ ಜಾಣರಿದ್ದಾರೆ. ಅಂದಿನ ರಾತ್ರಿ ಬೆಳಕು ಬರುತ್ತದೆ. ಬ್ಯಾಟರಿಯ ಆಯುಸ್ಸು ಹೋಗುತ್ತದೆ. ಕಾಲಕಾಲಕ್ಕೆ ಬ್ಯಾಟರಿ ನೀರನ್ನೇ ತುಂಬಬೇಕು, ಬಾವಿಯ ನೀರನ್ನಲ್ಲ. ಚಾರ್ಜ್ ಆಗುವಾಗ ಹೊತ್ತಿಕೊಳ್ಳುವ ಜಲಜನಕ ಅನಿಲ ಹೊರಡುವುದರಿಂದ ಅದನ್ನು ಗಾಳಿಯಾಡುವ ಮೂಲೆಯಲ್ಲಿಡಿರಿ, ಒಲೆಯ ಹತ್ತಿರ ಬೇಡ. ಲಿಥಿಯಂ ಬ್ಯಾಟರಿಗೆ ನೀರಿನ ಗೊಡವೆಯಿಲ್ಲ, ಬಾಳಿಕೆಯೂ ಹೆಚ್ಚು. ಮೊದಲ ಬೆಲೆಯೂ ಹೆಚ್ಚು.

ದಾನಿಗಳು ಪುಕ್ಕಟೆಯಾಗಿ ಕೊಟ್ಟ ದೀಪಗಳು ನೋಡಿಕೊಳ್ಳುವವರಿಲ್ಲದೆ ಕುರುಡಾಗಿ ನಿಂತುದನ್ನು ತಾವೂ ಕಂಡಿದ್ದೀರಿ. ಆದುದರಿಂದ ಅಗ್ಗವಾಗಿ ಮಾರುವವನಿಗಿಂತ, ಕರೆದರೆ ಬರುವವನಿಂದಲೇ ಕೊಳ್ಳಿರಿ.

ಒಂದು ಭ್ರಮೆಯನ್ನೂ ನಿವಾರಿಸಬೇಕಾಗಿದೆ. 2024ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಎಂದು ಕೇಳಿ ಹೊಲಮನೆಯವರು ಆಸೆಪಡುತ್ತಾರೆ. ಅದು ಕಂಬದ ಸಂಪರ್ಕವಿರುವ ಮನೆಗಳಿಗಾಗಿ ಇರುವಂಥದು. ವ್ಯಾಟಿಕನ್ನಿನಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರ ಕಾಲದಲ್ಲಿ, 2008ರಲ್ಲಿ, ಆರನೆಯ ಪೌಲರ ಸಭಾಭವನದ ಮೇಲೆ ಸುಮಾರು 2,400 ಫಲಕಗಳನ್ನು ಹಾಕಿದರಷ್ಟೆ. ಅದೂ ತಂತಿಯ ಜಾಲಕ್ಕೆ ಕೂಡಿದ ಏರ್ಪಾಡೇ. ಬ್ಯಾಟರಿಯಿಲ್ಲದ ಅಂತಹ ಏರ್ಪಾಡು, ಲೈನಿನಲ್ಲಿ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ದುರಸ್ತಿಗೆ ಕಂಬ ಹತ್ತಿದವನಿಗೆ ಅಪಾಯವಾಗದಿರಲೆಂದು ಹಾಗೆ ಮಾಡಿರುತ್ತಾರೆ. ಕಂಬವು ಸಮೀಪವಿದ್ದರೆ ಸಂಪರ್ಕವನ್ನೇ ಪಡೆಯಿರಿ; ಹಟಕ್ಕಾಗಿ ಬ್ಯಾಟರಿ ಸಾಕುವುದು ಬೇಡ.

ಕೊನೆಯದಾಗಿ, ಹಳೆಯ ಬ್ಯಾಟರಿಯನ್ನು ಅಂಗಳದಲ್ಲಿ ಒಡೆಯಬೇಡಿರಿ, ಗುಜರಿಯವನಿಗೂ ಕೊಡಬೇಡಿರಿ. ಒಳಗಿರುವ ಸೀಸ ಮಕ್ಕಳ ಬುದ್ಧಿಯನ್ನು ಕುಂದಿಸುವ ವಿಷ, ಜೊತೆಗೆ ಗಂಧಕಾಮ್ಲ. ಹೊಸದನ್ನು ಕೊಳ್ಳುವ ಅಂಗಡಿಗೇ ಅದನ್ನು ಮರಳಿಸಿ, ಬೆಲೆಯಲ್ಲಿ ಮುರಿದುಕೊಳ್ಳುವಂತೆ ಕೇಳಿರಿ.